ಮುಂದೆ ಭಾರವಿರುವ ಬಾಣ: ಎಷ್ಟು ಗ್ರೇನ್, ಯಾವ ಕಡ್ಡಿ, ತೂಕ ಎಲ್ಲಿ?

ಒಣಗಿದ ಜೋಳದ ದಂಟೊಂದನ್ನು ಈಟಿಯಂತೆ ಎಸೆದು ನೋಡಿ. ನಾಲ್ಕು ಮಾರು ಹೋಗುವಷ್ಟರಲ್ಲಿ ಅಡ್ಡ ತಿರುಗಿ ಬೀಳುತ್ತದೆ. ಅದೇ ದಂಟಿನ ಒಂದು ತುದಿಗೆ ಅಡಿಕೆ ಗಾತ್ರದ ಹಸಿಮಣ್ಣಿನ ಉಂಡೆ ಮೆತ್ತಿ ಎಸೆಯಿರಿ. ಉಂಡೆ ಮುಂದಾಗಿ, ದಂಟು ಅದರ ಬೆನ್ನಿಗೆ ಬಾಲದಂತೆ ನೆಟ್ಟಗೆ ಹೋಗುತ್ತದೆ. ಬಾಣದ ಮುಂಭಾರ ಎಂದರೆ ಇದೇ. ಉಂಡೆ ಎಷ್ಟು ದೊಡ್ಡದಿರಬೇಕು, ದಂಟು ಎಷ್ಟು ಗಟ್ಟಿಯಿರಬೇಕು, ಎಷ್ಟು ದೂರಕ್ಕೆ ಹೋಗಬೇಕು ಎಂಬ ಮೂರು ಪ್ರಶ್ನೆ ಬಂದಾಗ ಆಯ್ಕೆಯ ಕಷ್ಟ ಶುರುವಾಗುತ್ತದೆ.

ಭಾರದ ಬಾಣದ ಬಗ್ಗೆ ಸಿಗುವ ಮಾಹಿತಿಯಲ್ಲಿ ಹೆಚ್ಚಿನದು ಬಿಲ್ಲಿನ ಬೇಟೆಗೆ ಕಾನೂನಿನ ಒಪ್ಪಿಗೆ ಇರುವ ದೇಶಗಳಿಂದ ಬಂದದ್ದು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಜಾರಿಯಲ್ಲಿದೆ. ಆ ಕಾಯ್ದೆಯ ಲೆಕ್ಕದಲ್ಲಿ ಪ್ರಾಣಿಯನ್ನು ಕೊಲ್ಲುವುದು, ಗಾಯಗೊಳಿಸುವುದು, ಅದಕ್ಕೆ ಯತ್ನಿಸುವುದು ಎಲ್ಲವೂ ಬೇಟೆಯೇ. ಬೋರಿವಲಿಯ ಕಾಡಿನ ಅಂಚಿರಲಿ, ಮುಳಶಿಯ ತೋಟವಿರಲಿ, ಗೋವೆಯ ಮೊಲೆಮ್ ಕಡೆಯ ಘಟ್ಟವಿರಲಿ, ಹವ್ಯಾಸಕ್ಕೆಂದು ಬಿಲ್ಲು ಹಿಡಿದು ಬೇಟೆಗೆ ಹೋಗುವ ದಾರಿ ಇಲ್ಲ. ಹಾಗಾಗಿ ಈ ಬರಹ ಪುಣೆ, ಮುಂಬಯಿ, ಗೋವೆಗಳಲ್ಲಿ ಫೋಮ್ ಗುರಿಗೆ, ಫೋಮಿನ ಪ್ರಾಣಿಯಾಕೃತಿಗಳಿಗೆ, ಮೈದಾನದ ಕಾಗದದ ಗುರಿಗೆ ಬಾಣ ಬಿಡುವವರಿಗೆ. ಬೇಟೆಗಾರರ ಲೆಕ್ಕಗಳನ್ನು ತಿಳಿದಿರೋಣ, ಆದರೆ ನಮ್ಮ ಕೆಲಸಕ್ಕೆ ಆಗುವಷ್ಟನ್ನೇ ಎತ್ತಿಕೊಳ್ಳೋಣ.

ಆ ಲೆಕ್ಕಗಳಲ್ಲಿ ಹೆಚ್ಚು ಓಡಾಡುವುದು 650 ಗ್ರೇನ್, ಅಂದರೆ ಸುಮಾರು 42 ಗ್ರಾಂ, ಎಂಬ ಅಂಕಿ. ಡಾ. ಎಡ್ ಆಶ್ಬಿ ಎಂಬವರು ಆಫ್ರಿಕಾ, ಆಸ್ಟ್ರೇಲಿಯಾಗಳಲ್ಲಿ ದೊಡ್ಡ ಪ್ರಾಣಿಗಳ ಮೇಲೆ ವರ್ಷಗಟ್ಟಲೆ ಪರೀಕ್ಷೆ ಮಾಡಿ, ದಪ್ಪ ಮೂಳೆಯನ್ನು ಸೀಳಿ ಹೋಗಲು ಬಾಣ ಸುಮಾರು 650 ಗ್ರೇನ್ ಇರಬೇಕೆಂದರು. ಮುಂಭಾರ (ಸಮತೋಲ ಬಿಂದು ಬಾಣದ ನಡುವಿನಿಂದ ಎಷ್ಟು ಮುಂದಿದೆ ಎಂಬ ಅಳತೆ) ಶೇ 19 ದಾಟಿದ್ದನ್ನು ‘ಅತಿ’ ಎಂದೂ, ಶೇ 30 ದಾಟಿದ್ದನ್ನು ಅದಕ್ಕೂ ಮೇಲಿನದೆಂದೂ ವಿಂಗಡಿಸಿದರು. ಅದು ಕಾಡೆಮ್ಮೆಯ ಪಕ್ಕೆಲುಬಿನ ಪ್ರಶ್ನೆಗೆ ಸಿಕ್ಕ ಉತ್ತರ. ಫೋಮಿನಲ್ಲಿ ಮೂಳೆಯಿಲ್ಲ. ಅಲ್ಲಿ ಬಾಣ ಆಳಕ್ಕಿಳಿದಷ್ಟೂ ಕೀಳುವುದು ಕಷ್ಟ, ರೆಕ್ಕೆ ಕಿತ್ತು ಬರುವುದು ಹೆಚ್ಚು. ಬೇಟೆಗಾರರಿಗೆ ಗುಣವಾದದ್ದು ನಮಗೆ ಗುರಿಯ ಆಯಸ್ಸು ಕಳೆಯುವ ದೋಷ.

ತೂಕದ ಭಾಷೆ

ಬಾಣದ ತೂಕವನ್ನು ಗ್ರೇನಿನಲ್ಲಿ ಹೇಳುತ್ತಾರೆ. ಒಂದು ಗ್ರಾಂ ಎಂದರೆ 15.43 ಗ್ರೇನ್. ಇದು ನಮಗೆ ಹೊಸದೇನೂ ಅಲ್ಲ. ಬ್ರಿಟಿಷರ ಕಾಲದ ತೊಲ ಸರಿಯಾಗಿ 180 ಗ್ರೇನ್, ಅಂದರೆ 11.66 ಗ್ರಾಂ. ಅಜ್ಜಿಯ ಕಾಲದ ಮೂರು ತೊಲದ ಸರವನ್ನು ಕೈಯಲ್ಲಿ ಹಿಡಿದ ನೆನಪಿದ್ದರೆ, 540 ಗ್ರೇನ್ ಬಾಣದ ತೂಕ ಆಗಲೇ ಗೊತ್ತಿದೆ ಎಂದಾಯಿತು. ಒಂದು ಗುಲಗಂಜಿ ಎರಡು ಗ್ರೇನಿಗೆ ಹತ್ತಿರ. ಬಾಣದ ಹಿಂಭಾಗದಲ್ಲಿ ಐದು ಗುಲಗಂಜಿ ತೂಕ ಎಷ್ಟು ವ್ಯತ್ಯಾಸ ಮಾಡುತ್ತದೆ ಎಂಬುದು ಮುಂದೆ ಬರುತ್ತದೆ. ಅದಕ್ಕೇ ಅಡುಗೆಮನೆಯ ತಕ್ಕಡಿ ಸಾಲದು. 0.01 ಗ್ರಾಂ ತೋರಿಸುವ, ಅಕ್ಕಸಾಲಿಗರು ಬಳಸುವಂಥ ಪುಟ್ಟ ಡಿಜಿಟಲ್ ತಕ್ಕಡಿ ಬೇಕು. ಗ್ರೇನಿಗೆ ಬದಲಿಸುವ ಗುಂಡಿ ಬಹುತೇಕ ಎಲ್ಲದರಲ್ಲೂ ಇರುತ್ತದೆ.

ಮುಂಭಾರವನ್ನು ಎಫ್‌ಓಸಿ (ಫ್ರಂಟ್ ಆಫ್ ಸೆಂಟರ್) ಎನ್ನುತ್ತಾರೆ, ಅಳೆಯುವುದು ಶೇಕಡಾದಲ್ಲಿ. ಮೊನೆ, ರೆಕ್ಕೆ, ನಾಕ್ (ಹೆದೆಗೆ ಸಿಕ್ಕಿಸುವ ಬಾಲದ ತುಣುಕು) ಎಲ್ಲ ಕೂಡಿಸಿದ ಬಾಣವನ್ನು ಚಾಕುವಿನ ಮೊಂಡು ಬೆನ್ನಿನ ಮೇಲೆ ತೂಗಿಸಿ. ಸಮತೋಲ ಸಿಕ್ಕಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ. ಹೆದೆ ಕೂರುವ ನಾಕಿನ ಕಚ್ಚಿನಿಂದ ಆ ಗುರುತಿನ ತನಕದ ಉದ್ದ ಒಂದು ಅಳತೆ. ಅದೇ ಕಚ್ಚಿನಿಂದ ಕಡ್ಡಿಯ ಮುಂತುದಿಯ ತನಕದ ಉದ್ದ ಇನ್ನೊಂದು. ಮೊದಲನೆಯದರಿಂದ ಎರಡನೆಯದರ ಅರ್ಧ ಕಳೆದು, ಬಂದದ್ದನ್ನು ಎರಡನೆಯದರಿಂದ ಭಾಗಿಸಿ, 100ರಿಂದ ಗುಣಿಸಿ. ಮೊನೆಯ ಉದ್ದವನ್ನೂ ಸೇರಿಸಿಬಿಡುವ ತಪ್ಪು ಬಹಳ ಕಡೆ ಆಗುತ್ತದೆ. ಹಾಗೆ ಮಾಡಿದರೆ ಮುಂಭಾರ ಇರುವುದಕ್ಕಿಂತ ಕಡಿಮೆ ಕಾಣುತ್ತದೆ, ಜನ ಸುಮ್ಮನೆ ಇನ್ನಷ್ಟು ಹಿತ್ತಾಳೆ ತುಂಬುತ್ತಾರೆ.

ಮೂರನೆಯದು ಸ್ಪೈನ್, ಕಡ್ಡಿಯ ಬಿಗುವು. 28 ಇಂಚು ಅಂತರದ ಎರಡು ಆಧಾರಗಳ ಮೇಲೆ ಕಡ್ಡಿಯನ್ನಿಟ್ಟು, ನಡುವೆ 880 ಗ್ರಾಂ ತೂಗುಹಾಕಿದಾಗ ಅದು ಎಷ್ಟು ಬಾಗುತ್ತದೆ ಎಂಬುದನ್ನು ಇಂಚಿನ ಸಾವಿರದ ಭಾಗದಲ್ಲಿ ಹೇಳುವ ಸಂಖ್ಯೆ. 400 ಎಂದರೆ 0.400 ಇಂಚು, ಸುಮಾರು ಒಂದು ಸೆಂಟಿಮೀಟರ್ ಬಾಗು. ಸಂಖ್ಯೆ ಸಣ್ಣದಾದಷ್ಟೂ ಕಡ್ಡಿ ಬಿಗಿ.

ಒಂದೇ ಬಿಲ್ಲು, ನಾಲ್ಕು ಬಾಣ

50 ಪೌಂಡ್ ಎಳೆತದ ಕಾಂಪೌಂಡ್ (ತುದಿಗಳಲ್ಲಿ ಗಾಲಿಯಿರುವ) ಬಿಲ್ಲೊಂದನ್ನು ಎದುರಿಗಿಟ್ಟುಕೊಳ್ಳೋಣ. ಕಡ್ಡಿ ಎಲ್ಲದರಲ್ಲೂ 28 ಇಂಚು, ಎರಡು ಇಂಚಿನ ಮೂರು ಪ್ಲಾಸ್ಟಿಕ್ ರೆಕ್ಕೆ ಸೇರಿ 18 ಗ್ರೇನ್, ನಾಕ್ 8ರಿಂದ 10 ಗ್ರೇನ್. ಮೊನೆಯನ್ನು ತಿರುಗಿಸಿ ಕೂರಿಸಲು ಕಡ್ಡಿಯ ಬಾಯೊಳಗೆ ಅಂಟಿಸುವ ತುಂಡೇ ಇನ್ಸರ್ಟ್. ಮುಂಭಾರ ಪ್ರತಿ ಬಿಡಿಭಾಗದ ತೂಕ ಮತ್ತು ಜಾಗದಿಂದ ಲೆಕ್ಕ ಹಾಕಿದ್ದು. ಹಗುರ ಬಾಣಕ್ಕೆ ಸೆಕೆಂಡಿಗೆ 250 ಅಡಿ ವೇಗ ಎಂದು ಹಿಡಿದು, ಬಾಣ ಭಾರವಾದಂತೆ ಬಿಲ್ಲು ತುಸು ಹೆಚ್ಚು ಶಕ್ತಿಯನ್ನು ದಾಟಿಸುತ್ತದೆ ಎಂಬುದನ್ನು ಗಮನದಲ್ಲಿಟ್ಟು ಉಳಿದ ವೇಗಗಳನ್ನು ಅಂದಾಜಿಸಿದೆ. ಗಾಳಿಯ ತಡೆಯನ್ನು ಬಿಟ್ಟಿದೆ. ನಿಮ್ಮ ಬಿಲ್ಲಿನಲ್ಲಿ ಅಂಕಿ ಹೆಚ್ಚುಕಡಿಮೆಯಾದರೂ ಒಂದಕ್ಕೊಂದರ ಅಂತರ ಹೀಗೇ ಇರುತ್ತದೆ.

| | ಹಗುರ ಕಾರ್ಬನ್ | ನಡುವಣ ಕಾರ್ಬನ್ | ಭಾರದ ಕಾರ್ಬನ್ | ಅಲ್ಯುಮಿನಿಯಂ 2117 |
|---|---|---|---|---|
| ಸ್ಪೈನ್ | 500 | 400 | 300 | 400 |
| ಕಡ್ಡಿ, ಇಂಚಿಗೆ | 8 ಗ್ರೇನ್ | 9 ಗ್ರೇನ್ | 10.7 ಗ್ರೇನ್ | 12 ಗ್ರೇನ್ |
| ಮೊನೆ + ಇನ್ಸರ್ಟ್ | 100 + 15 | 125 + 50 | 200 + 100 | 125 + 30 |
| ಒಟ್ಟು ತೂಕ | 365 ಗ್ರೇನ್ | 453 ಗ್ರೇನ್ | 626 ಗ್ರೇನ್ | 519 ಗ್ರೇನ್ |
| ಮುಂಭಾರ | ಶೇ 12.8 | ಶೇ 16.8 | ಶೇ 22 | ಶೇ 12.6 |
| ವೇಗ, ಸೆಕೆಂಡಿಗೆ | 250 ಅಡಿ | 226 ಅಡಿ | 195 ಅಡಿ | 212 ಅಡಿ |
| 30 ಮೀಟರಿಗೆ ಇಳಿತ | 76 ಸೆಂ.ಮೀ. | 93 ಸೆಂ.ಮೀ. | 125 ಸೆಂ.ಮೀ. | 106 ಸೆಂ.ಮೀ. |
| 33 ಮೀಟರನ್ನು 30 ಎಂದುಕೊಂಡರೆ | 8 ಸೆಂ.ಮೀ. ಕೆಳಗೆ | 10 ಸೆಂ.ಮೀ. ಕೆಳಗೆ | 14 ಸೆಂ.ಮೀ. ಕೆಳಗೆ | 12 ಸೆಂ.ಮೀ. ಕೆಳಗೆ |

ಕೊನೆಯ ಸಾಲನ್ನು ನಿಧಾನವಾಗಿ ಓದಿ. ಫೋಮಿನ ಪ್ರಾಣಿಯಾಕೃತಿಗಳ ಸ್ಪರ್ಧೆಯಲ್ಲಿ ದೂರವನ್ನು ಯಾರೂ ಹೇಳುವುದಿಲ್ಲ, ಕಣ್ಣಳತೆಯಲ್ಲೇ ಅಂದಾಜು ಮಾಡಬೇಕು. ಅಂತಾರಾಷ್ಟ್ರೀಯ ನಿಯಮದಲ್ಲಿ, ಬಿಲ್ಲುಗಾರರು ನಿಲ್ಲುವ ಜಾಗ ಗುರುತಿಸುವ ಕೆಂಪು ಗೂಟದಿಂದ 45 ಮೀಟರ್, ನೀಲಿ ಗೂಟದಿಂದ 30 ಮೀಟರ್ ತನಕ ಗುರಿ ಇಡಬಹುದು. 30 ಮೀಟರಿನಲ್ಲಿ ಮೂರು ಮೀಟರ್ ತಪ್ಪುವುದು ಅಭ್ಯಾಸವಿದ್ದವರಿಗೂ ಸಹಜ. ಆ ತಪ್ಪನ್ನು ಹಗುರ ಬಾಣ ಎಂಟು ಸೆಂಟಿಮೀಟರಿನಲ್ಲಿ ಕ್ಷಮಿಸುತ್ತದೆ, 626 ಗ್ರೇನಿನ ಬಾಣ ಹದಿನಾಲ್ಕು ಕೇಳುತ್ತದೆ. ಅಂಕದ ಒಳಸುತ್ತು ಕೈತಪ್ಪಲು ಅಷ್ಟು ಸಾಕು.

ಹಾಗಾದರೆ ಭಾರದಿಂದ ಲಾಭವೇ ಇಲ್ಲವೇ? ಇದೆ. ಭಾರದ ಬಾಣ ಬಿಟ್ಟಾಗ ಬಿಲ್ಲಿನ ಸದ್ದು, ನಡುಕ ಎರಡೂ ತಗ್ಗುತ್ತವೆ, ಬಿಲ್ಲಿನ ಬಾಗುವ ಎರಡು ತೋಳುಗಳಿಗೆ ಹೊಡೆತ ಕಡಿಮೆ. ಭಾರ ಮುಂದಿದ್ದಾಗ ರೆಕ್ಕೆಗಳಿಗೂ ಸಮತೋಲ ಬಿಂದುವಿಗೂ ಅಂತರ ಹೆಚ್ಚುತ್ತದೆ. ಉದ್ದ ಹಿಡಿಯ ಸನಿಕೆಯಿಂದ ಕಲ್ಲು ಎಬ್ಬಿಸುವುದು ಸುಲಭವಾದ ಹಾಗೆ, ಅಷ್ಟೇ ರೆಕ್ಕೆ ಹೆಚ್ಚು ಬಲವಾಗಿ ಬಾಣವನ್ನು ತಿದ್ದುತ್ತದೆ. ಬೆರಳಿನಿಂದ ಹೆದೆ ಬಿಡುವವರಿಗೆ, ಬಿಡುವಾಗ ತುಸು ಎಳೆದಾಡುವವರಿಗೆ ಈ ಲಾಭ ಕಣ್ಣಿಗೆ ಕಾಣುತ್ತದೆ. ಶೇ 12ರಿಂದ 16ಕ್ಕೆ ಹೋದಾಗ ಸಿಗುವ ಸುಧಾರಣೆ ದೊಡ್ಡದು, 16ರಿಂದ 22ಕ್ಕೆ ಹೋದಾಗ ಸಿಗುವುದು ಚಿಕ್ಕದು, ಆದರೆ ತೆರುವ ಬೆಲೆ ಮಾತ್ರ ದೊಡ್ಡದು. ಇದೇ ನಮ್ಮ ನಿಲುವು: 40 ಮೀಟರಿನೊಳಗೆ ಆಡುವವರು ನಡುವಣ ಬಾಣದಲ್ಲಿ ನಿಲ್ಲಬೇಕು.

ಪಟ್ಟಿಯ ಕೊನೆಯ ಅಂಕಣ, ಅಲ್ಯುಮಿನಿಯಮ್ಮಿನದನ್ನೂ ಒಮ್ಮೆ ನೋಡಿ. ಒಟ್ಟು ತೂಕ 519, ಮುಂಭಾರ ಮಾತ್ರ ಹಗುರ ಕಾರ್ಬನ್ನಿನಷ್ಟೇ. ಭಾರ ಬೇರೆ, ಮುಂಭಾರ ಬೇರೆ. ಕಡ್ಡಿಯ ತೂಕ ಉದ್ದಕ್ಕೂ ಸಮನಾಗಿ ಹರಡಿರುವುದರಿಂದ ಅದು ಸಮತೋಲವನ್ನು ನಡುವಿಗೇ ಎಳೆಯುತ್ತದೆ. ‘ಭಾರದ ಕಡ್ಡಿ ಕೊಂಡರೆ ಮುಂಭಾರ ತಾನಾಗಿ ಬರುತ್ತದೆ’ ಎಂದು ಅಂಗಡಿಯವರು ಹೇಳಿದರೆ ನಂಬಬೇಡಿ.

ಮೊದಲು ಬಾಲ ಇಳಿಸಿ

ಮುಂಭಾರ ಹೆಚ್ಚಿಸಲು ಎಲ್ಲರ ಕೈ ಮೊದಲು ಮೊನೆಯ ಕಡೆ ಹೋಗುತ್ತದೆ. ಹೋಗಬೇಕಾದ್ದು ಬಾಲದ ಕಡೆ. ಮೇಲಿನ ನಡುವಣ ಬಾಣದಲ್ಲಿ 18 ಗ್ರೇನಿನ ಪ್ಲಾಸ್ಟಿಕ್ ರೆಕ್ಕೆ ತೆಗೆದು 8 ಗ್ರೇನಿನ ಹಕ್ಕಿಗರಿ ಅಂಟಿಸಿದರೆ ಮುಂಭಾರ 16.8ರಿಂದ 18.1ಕ್ಕೆ ಏರುತ್ತದೆ, ಬಾಣ 10 ಗ್ರೇನ್ ಹಗುರವೂ ಆಗುತ್ತದೆ. ಅದೇ ಏರಿಕೆಯನ್ನು ಮೊನೆಯಿಂದ ತರಲು 18 ಗ್ರೇನ್ ಸೇರಿಸಬೇಕು. ಐದು ಗುಲಗಂಜಿಯ ವ್ಯತ್ಯಾಸ ಎಂದದ್ದು ಇದನ್ನೇ. ಬ್ಯಾಟರಿಯಿಂದ ಬೆಳಗುವ ನಾಕ್ ಹಾಕಿಕೊಂಡವರು 20 ಗ್ರೇನಿಗಿಂತ ಹೆಚ್ಚನ್ನು ಬಾಲದ ತುದಿಗೇ ಕಟ್ಟಿದಂತೆ. ಬಣ್ಣದ ರ‍್ಯಾಪ್ ಸ್ಟಿಕ್ಕರಿನದೂ ಅದೇ ಕತೆ.

ಆದರೆ ಹಕ್ಕಿಗರಿ ಜೂನ್‌ನಿಂದ ಸೆಪ್ಟೆಂಬರ್ ತನಕ ಕೊಂಕಣದ ಮಳೆಯಲ್ಲಿ ನಿಲ್ಲುವುದಿಲ್ಲ. ನೆಂದ ಗರಿ ಕಡ್ಡಿಗೆ ಮೆತ್ತಿಕೊಂಡು ತಿದ್ದುವ ಶಕ್ತಿ ಕಳೆದುಕೊಳ್ಳುತ್ತದೆ, ನೀರಿನ ಭಾರವೂ ಬಾಲಕ್ಕೇ ಸೇರುತ್ತದೆ. ಮುಂಬಯಿ, ಗೋವೆಗಳಲ್ಲಿ ವರ್ಷವಿಡೀ ಒಂದೇ ಕಟ್ಟು ಬಾಣ ಬಳಸುವವರು ಪ್ಲಾಸ್ಟಿಕ್ ರೆಕ್ಕೆಯನ್ನೇ ಆರಿಸಿ, ಎತ್ತರ ಕಡಿಮೆಯಿರುವುದನ್ನು ತೆಗೆದುಕೊಳ್ಳಲಿ. ಪುಣೆಯಲ್ಲಿ ಅಕ್ಟೋಬರಿನಿಂದ ಮೇ ತನಕ ಗರಿ ಚೆನ್ನಾಗಿಯೇ ನಡೆಯುತ್ತದೆ. ಪಾರಂಪರಿಕ ಬಿಲ್ಲಿನಲ್ಲಿ, ಬಾಣ ಹಿಡಿಯನ್ನೇ ಉಜ್ಜಿಕೊಂಡು ಹೋಗುವಾಗ, ಗರಿ ಬಿಟ್ಟರೆ ಬೇರೆ ದಾರಿಯಿಲ್ಲ. ಪ್ಲಾಸ್ಟಿಕ್ ಬಾಗುವುದಿಲ್ಲ, ತಾಗಿ ಬಾಣವನ್ನು ಪಕ್ಕಕ್ಕೆ ಒದೆಯುತ್ತದೆ. ಎಡರೆಕ್ಕೆಯ ಗರಿ, ಬಲರೆಕ್ಕೆಯ ಗರಿ ಎರಡನ್ನೂ ಒಂದೇ ಬಾಣದಲ್ಲಿ ಬೆರೆಸಬೇಡಿ.

ಯಾವ ಕಡ್ಡಿ

ಕಾರ್ಬನ್: ಮುಂಭಾರಕ್ಕೆ ಹೇಳಿಮಾಡಿಸಿದ್ದು. ಹಗುರವಿದ್ದೂ ಬಿಗಿ, ಹಾಗಾಗಿ ಮುಂದೆ ತೂಕ ತುಂಬಲು ಜಾಗ ಉಳಿಯುತ್ತದೆ. ತೆಳ್ಳಗಿನ ಕಡ್ಡಿ ಗಾಳಿಗೆ ಕಡಿಮೆ ಮೈಯೊಡ್ಡುತ್ತದೆ. ಆದರೆ ತೆಳ್ಳಗಿನದು ಹಳೆಯ ಫೋಮಿನಲ್ಲಿ ರೆಕ್ಕೆ ತನಕ ಹೂತುಹೋಗುತ್ತದೆ. ಇದರ ದೊಡ್ಡ ಅಪಾಯ ಕಣ್ಣಿಗೆ ಕಾಣದ ಸೀಳು. ಗಟ್ಟಿ ವಸ್ತುವಿಗೆ ತಾಗಿದ ಪ್ರತಿ ಬಾರಿಯೂ ಎರಡು ತುದಿ ಹಿಡಿದು, ಮುಖದಿಂದ ದೂರವಿಟ್ಟು, ತಿರುಗಿಸುತ್ತಾ ನಾಲ್ಕೂ ದಿಕ್ಕಿಗೆ ಮೆಲ್ಲಗೆ ಬಾಗಿಸಿ ಕಿವಿಗೊಡಿ. ಹಪ್ಪಳ ಮುರಿದಂಥ ಸಣ್ಣ ಚಿಟಿಚಿಟಿ ಕೇಳಿದರೆ ಆ ಬಾಣವನ್ನು ಅಲ್ಲೇ ಎರಡು ತುಂಡು ಮಾಡಿ ಎಸೆಯಿರಿ. ಬತ್ತಳಿಕೆಗೆ ಹಿಂದಿರುಗಿದ ಸೀಳುಬಾಣ ಮತ್ತೊಮ್ಮೆ ಬಿಡುವಾಗ ಒಡೆದು ಮುಂಗೈಗೆ ಸಿಬಿರಾಗಿ ನಾಟಬಹುದು.

ಅಲ್ಯುಮಿನಿಯಂ: ಹೆಸರಿನಲ್ಲೇ ಅಳತೆಯಿದೆ. 2117 ಎಂದರೆ ದಪ್ಪ 21/64 ಇಂಚು, ಗೋಡೆ ಇಂಚಿನ 17/1000. ಒಂದು ಕಟ್ಟಿನ ಬಾಣಗಳು ತೂಕದಲ್ಲಿ ಒಂದಕ್ಕೊಂದು ಬಹಳ ಹತ್ತಿರ ಇರುತ್ತವೆ. 18 ಮೀಟರಿನ ಒಳಾಂಗಣಕ್ಕೆ, ಕಲಿಯುವವರಿಗೆ, ಮುಂಭಾರದ ಗೊಡವೆಯಿಲ್ಲದೆ ಬರೀ ಭಾರ ಬೇಕಾದವರಿಗೆ ಇದು ಒಳ್ಳೆಯದು. ದಪ್ಪ ಕಡ್ಡಿ ಆರಿಸುವಾಗ ನಿಯಮ ನೆನಪಿರಲಿ: ಅಂತಾರಾಷ್ಟ್ರೀಯ ಸ್ಪರ್ಧೆಯಲ್ಲಿ ಕಡ್ಡಿಯ ವ್ಯಾಸ 9.3 ಮಿಲಿಮೀಟರ್ ದಾಟಬಾರದು, ಅದಕ್ಕೇ 23/64 ಇಂಚಿನ 2312, 2314ಗಳಲ್ಲಿ ಜನ ನಿಲ್ಲುತ್ತಾರೆ. ಬಾಗುವುದು ಅಲ್ಯುಮಿನಿಯಮ್ಮಿನ ಖಾಯಿಲೆ. ಗಾಜಿನ ಮೇಜಿನ ಮೇಲೆ ಉರುಳಿಸಿದರೆ ಬಾಗು ತಿಳಿಯುತ್ತದೆ.

ಬಿದಿರು: ಭಾರತದ ಸ್ಪರ್ಧೆಗಳಲ್ಲಿ ‘ಇಂಡಿಯನ್ ರೌಂಡ್’ ಎಂಬ ವಿಭಾಗ ಪೂರಾ ಬಿದಿರಿನದು, 30 ಮತ್ತು 50 ಮೀಟರ್. ಬಿದಿರಿಗೆ ಒಂದು ಹುಟ್ಟುಗುಣವಿದೆ: ಬುಡ ದಪ್ಪ, ತುದಿ ಸಣ್ಣ. ಬುಡವನ್ನು ಮುಂದಿಟ್ಟರೆ ಅರ್ಧ ಮುಂಭಾರ ಪ್ರಕೃತಿಯೇ ಕೊಟ್ಟಂತೆ. ಕೆಡುಕೆಂದರೆ ಒಂದು ಕಡ್ಡಿಯಂತೆ ಇನ್ನೊಂದಿಲ್ಲ. ಆರು ಬಾಣ ಬೇಕಾದರೆ ಇಪ್ಪತ್ತು ಕಡ್ಡಿ ತೂಗಿ, 10 ಗ್ರೇನ್ ಒಳಗೆ ಬರುವುದನ್ನು ಒಟ್ಟುಗೂಡಿಸಿ, ಬಿಗುವನ್ನೂ ಅಳೆದು ಜೋಡಿಸಬೇಕು. ಗಿಣ್ಣುಗಳನ್ನು ಉಪ್ಪುಕಾಗದದಿಂದ ಉಜ್ಜುವಾಗ ಮೇಲ್ಸಿಪ್ಪೆ ಹೋಗದಂತೆ ನೋಡಿಕೊಳ್ಳಿ, ಬಿದಿರಿನ ಬಲವೆಲ್ಲ ಆ ಸಿಪ್ಪೆಯ ನಾರಿನಲ್ಲಿದೆ. ಕರಾವಳಿಯ ತೇವದಲ್ಲಿ ಬಿದಿರು ನೀರು ಕುಡಿದು ತೂಕ, ನೇರ ಎರಡೂ ಬದಲಾಗುತ್ತವೆ. ವಾರ್ನಿಷ್ ಎರಡು ಕೋಟ್ ಹೊಡೆಯುವಾಗ ಕಡ್ಡಿಯ ಎರಡೂ ತುದಿಯ ತೂತು ಮುಚ್ಚುವುದನ್ನು ಮರೆಯಬೇಡಿ.

ಅಲ್ಯುಮಿನಿಯಂ-ಕಾರ್ಬನ್ ಜೋಡಿ: ಒಳಗೆ ಅಲ್ಯುಮಿನಿಯಮ್ಮಿನ ತೆಳು ಕೊಳವೆ, ಅದರ ಮೇಲೆ ಕಾರ್ಬನ್. ಒಲಿಂಪಿಕ್ ಬಿಲ್ಲುಗಾರರ ಎಕ್ಸ್10 ಈ ಜಾತಿಯದು, 1996ರಿಂದ ಬಳಕೆಯಲ್ಲಿದೆ. ಅದರ ಗುಣ 70 ಮೀಟರಿನ ಗಾಳಿಯಲ್ಲಿ ಗೊತ್ತಾಗುತ್ತದೆ. 30 ಮೀಟರಿನ ಫೋಮಿಗೆ ಅಷ್ಟು ಹಣ ಸುರಿಯುವುದು ವ್ಯರ್ಥ.

ತೂಕವನ್ನು ಎಲ್ಲಿ ಇಡುವುದು: ಮೊನೆಯೋ, ಇನ್ಸರ್ಟೋ

175 ಗ್ರೇನ್ ಮುಂದೆ ಬೇಕಾದಾಗ 160ರ ಮೊನೆ ಮತ್ತು 15ರ ಅಲ್ಯುಮಿನಿಯಂ ಇನ್ಸರ್ಟ್ ಹಾಕಬಹುದು, ಇಲ್ಲವೇ 125ರ ಮೊನೆ ಮತ್ತು 50ರ ಹಿತ್ತಾಳೆ ಇನ್ಸರ್ಟ್. ಮೊದಲನೆಯದರಲ್ಲಿ ತೂಕ ತುಸು ಮುಂದಿರುತ್ತದೆ, ಮೊನೆಯನ್ನು ಬಿಚ್ಚಿ ಬದಲಿಸಿದರೆ ತೂಕವೂ ಬದಲಾಗುತ್ತದೆ. ಹೊಸದಾಗಿ ಹೊಂದಿಸುತ್ತಿರುವವರಿಗೆ ಇದೇ ವಾಸಿ. ಎರಡನೆಯದರಲ್ಲಿ ಉದ್ದದ ಹಿತ್ತಾಳೆ ಕಡ್ಡಿಯೊಳಗೆ ಕೂತು ಮೂತಿಗೆ ಬಲ ಕೊಡುತ್ತದೆ, ಆದರೆ ಅಂಟಿಸಿದ ಮೇಲೆ ಹಿಂದಿರುಗುವ ದಾರಿಯಿಲ್ಲ. 100, 125, 150, 175, 200 ಗ್ರೇನಿನ ಮೊನೆ ಎರಡೆರಡು ಕೊಂಡು, ಹಗುರ ಇನ್ಸರ್ಟಿನಲ್ಲಿ ಪರೀಕ್ಷಿಸಿ, ಒಂದು ತೂಕ ಒಗ್ಗಿತೆಂದು ಖಚಿತವಾದ ಮೇಲೆ ಹಿತ್ತಾಳೆಗೆ ಹೋಗಿ. ತಿರುಪಿನ ಎಳೆ ಸಾಮಾನ್ಯವಾಗಿ 8-32, ಬೇರೆ ಕಂಪನಿಯ ಮೊನೆಯೂ ಕೂರುತ್ತದೆ.

ತೆಳ್ಳಗಿನ ಕಡ್ಡಿಯಲ್ಲಿ ಅರ್ಧ ಒಳಗೆ, ಅರ್ಧ ಹೊರಗೆ ಕೂರುವ ಜೋಡಣೆ ಬರುತ್ತದೆ. ಕಲ್ಲಿಗೋ ಮರದ ಚೌಕಟ್ಟಿಗೋ ಓರೆಯಾಗಿ ತಾಗಿದರೆ ಅದು ಕಡ್ಡಿಯ ಬಾಯಿಯಲ್ಲೇ ಬಾಗುತ್ತದೆ. ಅಲ್ಯುಮಿನಿಯಮ್ಮಿನದು ಬೇಗ, ಸ್ಟೀಲಿನದು ತಡವಾಗಿ. ಮೊನೆಯನ್ನು ಅಂಗೈಯ ಮೇಲೆ ನಿಲ್ಲಿಸಿ ಬುಗುರಿಯಂತೆ ತಿರುಗಿಸಿ. ನಡುಗಿದರೆ ಜೋಡಣೆ ಓರೆಯಾಗಿದೆ ಎಂದರ್ಥ.

ಅಲಗಿನ ಮೊನೆ ನಮ್ಮ ಕೆಲಸಕ್ಕೆ ಬೇಡ. ಗುರಿಯನ್ನು ಕುಯ್ಯುತ್ತದೆ, ಕೀಳುವಾಗ ಕೈಯನ್ನೂ ಕುಯ್ಯುತ್ತದೆ.

ಮೊನೆ ನಿರ್ಧರಿಸಿ, ಆಮೇಲೆ ಸ್ಪೈನ್

ಇಲ್ಲಿ ಆಗುವಷ್ಟು ತಪ್ಪು ಬೇರೆಲ್ಲೂ ಆಗುವುದಿಲ್ಲ. ಹೆದೆ ಹಿಂದಿನಿಂದ ತಳ್ಳಿದಾಗ ಮುಂದಿನ ಭಾರ ತಕ್ಷಣ ಕದಲುವುದಿಲ್ಲ, ನಡುವೆ ಸಿಕ್ಕಿಕೊಂಡ ಕಡ್ಡಿ ಬಾಗುತ್ತದೆ. ಮುಂದೆ ಭಾರ ಹೆಚ್ಚಿದಷ್ಟೂ ಬಾಗು ಹೆಚ್ಚು. ಅಂದರೆ 400ರ ಕಡ್ಡಿ 200 ಗ್ರೇನ್ ಮೊನೆ ಹೊತ್ತಾಗ 500ರ ಕಡ್ಡಿಯಂತೆ ವರ್ತಿಸತೊಡಗುತ್ತದೆ. ಕಾಂಪೌಂಡಿನಲ್ಲಿ 100 ಗ್ರೇನಿಗಿಂತ ಮೇಲಿನ ಪ್ರತಿ 25 ಗ್ರೇನಿಗೂ ಬಿಲ್ಲಿನ ಎಳೆತ 3 ಪೌಂಡ್ ಹೆಚ್ಚಿದೆ ಎಂದುಕೊಂಡು ತಯಾರಕರ ಸ್ಪೈನ್ ಪಟ್ಟಿ ನೋಡುವುದು ರೂಢಿ. ಇನ್ಸರ್ಟಿನ ಹೆಚ್ಚುವರಿ ತೂಕವನ್ನೂ ಅದಕ್ಕೆ ಸೇರಿಸಿ. ಕಡ್ಡಿ ಒಂದು ಇಂಚು ಉದ್ದವಾದರೆ 5 ಪೌಂಡ್ ಹೆಚ್ಚಿದಷ್ಟೇ ಪರಿಣಾಮ.

ಇರುವ ಬಾಣಕ್ಕೇ ಭಾರದ ಮೊನೆ ಸಿಕ್ಕಿಸಿ ‘ಮುಂಭಾರದಿಂದ ಗುರಿ ಕೆಟ್ಟಿತು’ ಎನ್ನುವವರ ಬಾಣವನ್ನು ಪರೀಕ್ಷಿಸಿದರೆ ಬಹುತೇಕ ಸಿಗುವುದು ಮೆದು ಕಡ್ಡಿ. ಪರೀಕ್ಷೆ ಸರಳ. ರೆಕ್ಕೆಯಿರುವ ಮೂರು ಬಾಣ, ರೆಕ್ಕೆಯಿಲ್ಲದ ಎರಡು ಬಾಣ, 18 ಮೀಟರ್. ಬಲಗೈಯವರು ಬೆರಳಿನಿಂದ ಬಿಟ್ಟಾಗ ರೆಕ್ಕೆಯಿಲ್ಲದ್ದು ಗುಂಪಿನ ಬಲಕ್ಕೆ ಬಿದ್ದರೆ ಕಡ್ಡಿ ಮೆದು, ಎಡಕ್ಕೆ ಬಿದ್ದರೆ ಬಿಗಿ. ಎಡಗೈಯವರಿಗೆ ಇದು ಅದಲುಬದಲು. ಕೆಳಗೆ ಬಿದ್ದರೆ ಹೆದೆಯ ಮೇಲಿನ ನಾಕ್ ಗುರುತು ಎತ್ತರದಲ್ಲಿದೆ. ಮೆದುವಾದರೆ 25 ಗ್ರೇನ್ ಮೊನೆ ಇಳಿಸಿ, ಅಥವಾ ಕಡ್ಡಿಯನ್ನು ಕಾಲಿಂಚು ಕಾಲಿಂಚಾಗಿ ಕತ್ತರಿಸಿ. ಪೂರ್ತಿ ಎಳೆದಾಗ ಕಡ್ಡಿಯ ಮುಂತುದಿ ರೆಸ್ಟಿನಿಂದ (ಬಿಲ್ಲಿನ ಮೇಲೆ ಬಾಣ ಕೂರುವ ಆಸರೆ) ಒಂದು ಇಂಚಾದರೂ ಮುಂದಿರಲೇಬೇಕು. ಅದಕ್ಕಿಂತ ಕುಗ್ಗಿದರೆ ಬಾಣ ರೆಸ್ಟಿನಿಂದ ಹಿಂದಕ್ಕೆ ಜಾರಿ ಬಿಲ್ಲು ಹಿಡಿದ ಕೈಯನ್ನೇ ಚುಚ್ಚಬಹುದು.

ಇನ್ನೊಂದು ಗಡಿ ಹಗುರದ ಕಡೆಗಿದೆ. ಎಳೆತದ ಪ್ರತಿ ಪೌಂಡಿಗೆ 5 ಗ್ರೇನಿಗಿಂತ ಕೆಳಗೆ ಹೋಗಬೇಡಿ, 50 ಪೌಂಡಿಗೆ 250. ಅದಕ್ಕಿಂತ ಹಗುರವಾದರೆ ಬಾಣವಿಲ್ಲದೆ ಹೆದೆ ಎಳೆದು ಬಿಟ್ಟಂತೆ, ಬಿಲ್ಲಿಗೆ ಅಪಾಯ.

ಜೋಡಿಸುವಾಗ

ಕಾರ್ಬನ್ ಕಡ್ಡಿಯನ್ನು ಹ್ಯಾಕ್ಸಾದಿಂದಾಗಲಿ ಪೈಪ್ ಕಟ್ಟರಿನಿಂದಾಗಲಿ ಕತ್ತರಿಸಬಾರದು, ನಾರು ಎದ್ದು ಬಾಯಿ ಸೀಳುತ್ತದೆ. ವೇಗವಾಗಿ ತಿರುಗುವ ತೆಳು ಕಟಿಂಗ್ ಚಕ್ರ ಬೇಕು. ಮುಂಬಯಿಯ ನಾಗದೇವಿ ಸ್ಟ್ರೀಟ್, ಪುಣೆಯ ರವಿವಾರ ಪೇಠೆಯಂಥ ಕಡೆ ಸುತ್ತಾಡಿದರೆ ಇಂಥ ಸಾಮಾನು ಸಿಗುತ್ತದೆ. ಕಡ್ಡಿಯನ್ನು ಚಕ್ರಕ್ಕೆ ತಾಗಿಸಿ ನಿಧಾನ ತಿರುಗಿಸುತ್ತಾ ಕತ್ತರಿಸಿ. ಎನ್95 ಮಾಸ್ಕ್ ಹಾಕಿ, ಕೆಳಗೆ ಒದ್ದೆ ಬಟ್ಟೆ ಹಾಸಿ. ಕಾರ್ಬನ್ ಪುಡಿ ಪುಪ್ಪುಸಕ್ಕೆ ಹೋಗಬಾರದು, ಮನೆಯಲ್ಲಿ ಮಕ್ಕಳಿದ್ದರೆ ಈ ಕೆಲಸ ಬಾಲ್ಕನಿಯಲ್ಲೂ ಬೇಡ.

ಕತ್ತರಿಸಿದ ಬಾಯಿಗೆ ಮಾರ್ಕರಿನಿಂದ ಮಸಿ ಹಚ್ಚಿ, ಬಾಯಿಯನ್ನು ಕಡ್ಡಿಗೆ ಲಂಬವಾಗಿ ಉಜ್ಜುವ ಉಪಕರಣದ ಮೇಲೆ ತಿರುಗಿಸಿ. ಮಸಿ ಒಂದೇ ಕಡೆ ಅಳಿಸಿದರೆ ಬಾಯಿ ಓರೆ, ಸುತ್ತಲೂ ಅಳಿಸುವ ತನಕ ಉಜ್ಜಿ. ಓರೆ ಬಾಯಿಯ ಮೇಲೆ ಕೂತ 100 ಗ್ರೇನ್ ಹಿತ್ತಾಳೆ ಹಗುರ ಇನ್ಸರ್ಟಿಗಿಂತ ಎಷ್ಟೋ ಹೆಚ್ಚು ನಡುಕ ಕೊಡುತ್ತದೆ.

ಆಮೇಲೆ ಒಳಗನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಕಡ್ಡಿಯಿಂದ, ಹತ್ತಿ ಬೆಳ್ಳಗೆ ಹೊರಬರುವ ತನಕ ಒರೆಸಿ. ಫೋಮಿನಿಂದ ಬಾಣ ಎಳೆದಾಗ ಮೊನೆ ಒಳಗೇ ಉಳಿದು ಖಾಲಿ ಕಡ್ಡಿ ಕೈಗೆ ಬಂದರೆ ಹೆಚ್ಚಿನ ಬಾರಿ ಕಾರಣ ಒಳಗೆ ಉಳಿದ ಈ ಕಾರ್ಬನ್ ಪುಡಿ. ಇನ್ಸರ್ಟಿನ ಹೊರಮೈಯನ್ನೂ ಉಪ್ಪುಕಾಗದದಿಂದ ಒರಟು ಮಾಡಿ ಒರೆಸಿ. ಅಂಟಿಗೆ ನಿಧಾನವಾಗಿ ಗಟ್ಟಿಯಾಗುವ ಎರಡು ಟ್ಯೂಬಿನ ಅರಾಲ್ಡೈಟ್ ಸರಿ. ಐದು ನಿಮಿಷದ್ದು ಬೇಗ ಬಿಗಿಯಾದರೂ ಪೆಟ್ಟಿಗೆ ಬಿರುಕುಬಿಡುತ್ತದೆ. ಮೊನೆಯ ಎಳೆಗೆ ಮೇಣ ಸವರಿ ಇನ್ಸರ್ಟಿಗೆ ತಿರುಗಿಸಿಟ್ಟು, ಇನ್ಸರ್ಟಿನ ಸುತ್ತ ತೆಳ್ಳಗೆ ಅಂಟು ಹಚ್ಚಿ, ತಿರುಗಿಸುತ್ತಾ ಒಳತಳ್ಳಿ. ಮೇಣ ಮರೆತರೆ ಅಂಟು ಎಳೆಗೆ ನುಗ್ಗಿ ಮೊನೆ ಶಾಶ್ವತವಾಗುತ್ತದೆ. ಮೊನೆ ಕೆಳಗಾಗಿ ನಿಲ್ಲಿಸಿ 24 ಗಂಟೆ ಮುಟ್ಟಬೇಡಿ.

ಬಿಸಿ ಅಂಟಿನ ಕಡ್ಡಿ ಬಳಸುವವರು ಕಡಿಮೆ ಶಾಖಕ್ಕೆ ಕರಗುವಂಥದನ್ನೇ ಕೊಂಡು, ಬಿಸಿಯನ್ನು ಮೊನೆಗೆ ಕೊಡಿ, ಕಾರ್ಬನ್ನಿಗೆ ಕೊಡಬೇಡಿ. ಏಪ್ರಿಲ್ ಬಿಸಿಲಿಗೆ ಮುಚ್ಚಿದ ಕಾರಿನಲ್ಲಿ ಬಿಟ್ಟ ಬಾಣಗಳಲ್ಲಿ ಈ ಅಂಟು ಮೆತ್ತಗಾಗಿ ಭಾರದ ಇನ್ಸರ್ಟ್ ಜಾರುತ್ತದೆ.

ರೆಕ್ಕೆಗೆ ಫೆವಿಕ್ವಿಕ್ ಬಗೆಯ ಅಂಟು ಸಾಕು. ಎರಡು ಮೂರು ಡಿಗ್ರಿ ಓರೆ ಕೊಡಿ, ರೆಕ್ಕೆಯ ಮುಂತುದಿಗೆ ಒಂದು ಹನಿ ಹೆಚ್ಚು ಹಾಕಿ, ಫೋಮ್ ಮೊದಲು ಕೀಳುವುದು ಅಲ್ಲಿಂದ. ಎಲ್ಲ ಮುಗಿದ ಮೇಲೆ ತೂಗಿ: 30 ಮೀಟರಿನ ಆಟಕ್ಕೆ ಬಾಣಬಾಣಕ್ಕೆ 5 ಗ್ರೇನ್ ಅಂತರ ನಡೆಯುತ್ತದೆ, 70 ಮೀಟರಿಗೆ ಎರಡು ಗ್ರೇನ್ ದಾಟಬಾರದು.

ಯಾರಿಗೆ ಯಾವುದು

2023ರಲ್ಲಿ ಬರ್ಲಿನ್‌ನಲ್ಲಿ ಸಾತಾರಾದ ಅದಿತಿ ಸ್ವಾಮಿ, ನಾಗಪುರದ ಓಜಸ್ ದೇವತಳೆ ಇಬ್ಬರೂ ಕಾಂಪೌಂಡಿನ ವಿಶ್ವ ಚಾಂಪಿಯನ್ನರಾದರು. ಮಹಾರಾಷ್ಟ್ರದಲ್ಲಿ ಮಕ್ಕಳಿಗೆ ಬಿಲ್ಲು ಕೊಡಿಸುವ ತಂದೆತಾಯಂದಿರಿಗೆ ಒಂದು ಮಾತು: 24–30 ಪೌಂಡಿನ ಬಿಲ್ಲು ಹಿಡಿದ ಮಗುವಿಗೆ ಭಾರದ ಬಾಣ ಕೊಡಬೇಡಿ. ಬಾಣ ಗುರಿಗೆ ಮುಟ್ಟಲೆಂದು ಮಗು ಕೈ ಎತ್ತುತ್ತದೆ, ಸೊಂಟ ಹಿಂದಕ್ಕೆ ವಾಲುತ್ತದೆ, ಆ ನಿಲುವು ರೂಢಿಯಾಗಿ ಉಳಿದುಬಿಡುತ್ತದೆ. 60ರಿಂದ 80 ಗ್ರೇನ್ ಮೊನೆ, ಹಗುರ ಕಾರ್ಬನ್ ಸಾಕು.

ರಿಕರ್ವ್ (ತುದಿಗಳು ಮುಂದಕ್ಕೆ ಬಾಗಿದ, ಒಲಿಂಪಿಕ್ಸಿನ ಬಿಲ್ಲು) ಹಿಡಿದು 70 ಮೀಟರಿಗೆ ಬಿಡುವವರು 100ರಿಂದ 120 ಗ್ರೇನ್ ಮೊನೆ, ಶೇ 11ರಿಂದ 16ರ ಮುಂಭಾರದಲ್ಲಿರಲಿ. ಬೆರಳ ಮೇಲೆ 38 ಪೌಂಡ್ ಇರುವವರು 120 ದಾಟಿದರೆ ಸೈಟನ್ನು (ಗುರಿ ಹಿಡಿಯಲು ಬಿಲ್ಲಿಗೆ ಕಟ್ಟುವ ಸಾಧನ) ಪೂರ್ತಿ ಕೆಳಗಿಳಿಸಿದರೂ ಗುರಿ ಸಿಗದೆ ಹೋಗಬಹುದು, ಬಾಣವೇ ಸೈಟಿಗೆ ತಾಗಬಹುದು. ಪುಣೆಯ ಮೇ ತಿಂಗಳ ಸಂಜೆಯ ಪಡುವಣ ಗಾಳಿಗೆ ಇನ್ನೂ 20 ಗ್ರೇನ್ ಸೇರಿಸುವುದಕ್ಕಿಂತ ತೆಳ್ಳಗಿನ ಕಡ್ಡಿಗೆ ಹೋಗುವುದು ಮೇಲು.

40ರಿಂದ 50 ಪೌಂಡಿನ ಕಾಂಪೌಂಡಿನಲ್ಲಿ ಫೋಮಿನ ಆಕೃತಿಗಳಿಗೆ ಬಿಡುವವರು 400ರಿಂದ 460 ಗ್ರೇನ್, ಶೇ 14ರಿಂದ 17. ಬೆರಳಿನಿಂದ ಬಿಡುವ ಪಾರಂಪರಿಕ ಬಿಲ್ಲಿನವರು 20 ಮೀಟರಿನೊಳಗೇ ಆಡುವುದಾದರೆ ಶೇ 18–20ರ ತನಕ ಹೋಗಬಹುದು, ಹಕ್ಕಿಗರಿಯ ಜೊತೆ. ಅವರಿಗೆ ಪೌಂಡಿಗೆ 9–10 ಗ್ರೇನ್ ಹೊಂದುತ್ತದೆ.

600 ದಾಟಿದ ಬಾಣವನ್ನು ಪ್ರಯೋಗಕ್ಕೆಂದು ಕಟ್ಟುವವರು 20 ಮೀಟರಿನೊಳಗೆ, ದಪ್ಪನೆಯ ಹೊಸ ಫೋಮಿನ ಮೇಲೆ ಮಾತ್ರ ಬಿಡಲಿ. ಅದು ತನ್ನ ಬಲವನ್ನು ಬೇಗ ಬಿಟ್ಟುಕೊಡುವುದಿಲ್ಲ. ಹಳೆಯ ಫೋಮನ್ನು ದಾಟಿ ಹೋಗುತ್ತದೆ, ಹಿಂದಿನ ಪ್ಲೈವುಡ್ಡನ್ನೂ ತೂತು ಮಾಡುತ್ತದೆ. ಕರ್ಜತ್, ಮುಳಶಿ ಕಡೆ ತೋಟದಲ್ಲಿ ಗುರಿ ನಿಲ್ಲಿಸುವವರು ಅದರ ಬೆನ್ನಿಗೆ ಆಳೆತ್ತರ ಮಣ್ಣಿನ ದಿಬ್ಬ ಇರುವ ಜಾಗವನ್ನೇ ಆರಿಸಿ, ದಿಬ್ಬದ ಆಚೆ ಕಾಲುದಾರಿ ಇಲ್ಲವೆಂದು ನಡೆದುಹೋಗಿ ನೋಡಿ ಬಂದು, ಆಮೇಲೆ ಮೊದಲ ಬಾಣ ಹೂಡಿ.